ಗದ್ದದ ಮೇಲಿನ ಚಹಾ ಕಲೆ

ಹಳೆಯ ಫೋಟೋಗಳ ನಕಲು ತೆಗೆಯುವುದೇ ನಮ್ಮ ಬೀದಿಯ ಸ್ಟುಡಿಯೋ ಅಕ್ಕನ ಕಸುಬು. ಮೇಜಿಗೊಂದು ಕಂಬ, ಕಂಬದಲ್ಲಿ ತಲೆ ಬಗ್ಗಿಸಿದ ಕ್ಯಾಮೆರಾ, ಎರಡೂ ಪಕ್ಕದಿಂದ ಓರೆಯಾಗಿ ಬೀಳುವ ದೀಪಗಳು. ಫ್ಲ್ಯಾಶ್ ಅವಳಿಗಾಗದು. “ಮುಖಕ್ಕೆ ಟಾರ್ಚ್ ಬಿಟ್ಟು ಯಾರಾದ್ರೂ ಯೋಗಕ್ಷೇಮ ಕೇಳ್ತಾರಾ?” ಎನ್ನುತ್ತಾಳೆ. ಫೋಟೋದ ಬಣ್ಣ ನೋಡದೆ ಅವಳು ಫಿಲಂ ಮುಟ್ಟಿದ್ದಿಲ್ಲ.

ತಲೆ ನರೆತ ಹೆಂಗಸೊಬ್ಬರು ಅಂಗೈಯಗಲದ ಫೋಟೋ ತಂದರು. ಅವರು ನಡೆಯಲು ಕಲಿಯುವ ಮೊದಲೇ ತೀರಿಕೊಂಡ ತಾಯಿಯದು, ಇದೊಂದೇ ಉಳಿದಿರುವುದು. ಮುಖ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಮಾಸುತ್ತಿತ್ತು. ಗದ್ದದಿಂದ ಭುಜದವರೆಗೆ ಹೊಸ ಕಲೆ.

“ನಾನೇ ಚೆಲ್ಲಿದ್ದು,” ಎಂದರು. “ಅಮ್ಮನ್ನ ಎದುರಿಗಿಟ್ಕೊಂಡು ಚಹಾ ಕುಡೀತಿದ್ದೆ. ಕಲೆ ಹೋಗಿ ಮುಖ ಉಳಿಯತ್ತಾ?”

ಅಕ್ಕ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಕ್ಯಾಮೆರಾ ಕಣ್ಣಿಗೆ ಹಳದಿ ಗಾಜು ಹಾಕಿ ತೆಗೆದ್ರೆ ಕಲೆ ಹೋಗತ್ತೆ. ಆದ್ರೆ ಮುಖಾನೂ ಹಳದಿ ಅಲ್ವಾ, ಅಮ್ಮನೂ ಜೊತೆಗೆ ಹೋಗ್ತಾರೆ. ಹಳದೀನ ಕಪ್ಪಾಗಿ ಕಾಣೋ ಫಿಲಂ ಇದೆ. ಅದ್ರಲ್ಲಿ ಮುಖ ಎದ್ದು ಬರತ್ತೆ, ಕಲೇನೂ ಎದ್ದು ಬರತ್ತೆ.”

ಒಳಗಿಂದ ಕುಂಚ ಹಿಡಿದೇ ಅಕ್ಕನ ಗಂಡ ಬಂದ; ಫೋಟೋ ತಿದ್ದುವುದು ಅವನ ಕೆಲಸ. “ಕಲೆ ಮೇಲೆ ನಾನೊಂದು ಗದ್ದ ಬರೆದ್ರಾಯ್ತು.”

“ಯಾರ ಗದ್ದ ರೀ? ನೀವು ಯಾರಿಗೆ ಬರೆದ್ರೂ ನಿಮ್ಮ ತಂಗಿ ಗದ್ದಾನೇ ಬರತ್ತೆ. ಈಗಾಗ್ಲೇ ಅರ್ಧ ಊರು ನನಗೆ ನಾದಿನಿ.”

ಆ ಹೆಂಗಸು ನಕ್ಕರು, ಆದರೆ ಕಣ್ಣು ಫೋಟೋದ ಮೇಲೇ ಇತ್ತು. “ಮುಖ ಬರ್ಲಿ. ಕಲೆ ಇದ್ರೆ ಇರ್ಲಿ.”

ಅಕ್ಕ ಮುಖ ಎತ್ತಿಕೊಡುವ ಫಿಲಂ ತುಂಬಿದಳು. ನೆಗೆಟಿವ್ ಒಣಗಿದ ಮೇಲೆ ಕತ್ತಲೆಕೋಣೆಯಲ್ಲಿ ಅದರ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟು, ಕಲೆ ಬೀಳುವ ಜಾಗಕ್ಕೆ ಬೆರಳಿನ ನೆರಳು ಹಿಡಿದಳು, ತೊಟ್ಟಿಲು ತೂಗುವಂತೆ ಬೆರಳನ್ನು ಮೆಲ್ಲಗೆ ಆಡಿಸುತ್ತ. ನೆರಳು ಹೆಚ್ಚಾದರೆ ಗದ್ದವೇ ಇಲ್ಲ, ಕಡಿಮೆಯಾದರೆ ಮಸಿ. ಕಾಗದದ ಮೇಲೆ ಕಾಗದ ಕೆಡಿಸಿದಳು, ಬೇಸರಿಸಲಿಲ್ಲ.

ಕೊನೆಯ ಹಾಳೆಯಲ್ಲಿ ಕಲೆ ತೆಳುವಾಗಿ ಹಿಂದೆ ಸರಿದು, ಗದ್ದದ ಅಂಚು ಕಂಡಿತು. ಅದರ ನಡುವೆ ಒಂದು ಪುಟ್ಟ ಗುಳಿ.

ಹೆಂಗಸು ಆ ಗುಳಿಯತ್ತ ಬೆರಳು ತೋರಿಸಿದರು. “ನನ್ನ ಮಗಳಿಗೂ ಹೀಗೇ ಇದೆ. ಯಾರದಿರಬಹುದು ಅಂತಿದ್ದೆ.”

ಗಂಡ ಬಗ್ಗಿ ನೋಡಿದ. “ಈ ಗುಳಿ ನಾನು ಬರೀತಾ ಇರ್ಲಿಲ್ಲ,” ಎಂದು ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ, “ಕೂತ್ಕೊಳಿ ಅಮ್ಮಾ, ಚಹಾ ತರ್ತೀನಿ.”

“ಮೊದ್ಲು ಫೋಟೋ ಒಳಗಿಡಿ,” ಎಂದಳು ಅಕ್ಕ.