ದನದ ಡಾಕ್ಟ್ರಮ್ಮ ಹೊಲಿದ ಗುಂಡಿಗಳು

ಶಶಿರೇಖಾ ದನದ ಡಾಕ್ಟರಲ್ಲ. ಪಶುಪಾಲನಾ ಇಲಾಖೆಯಲ್ಲಿ ಅವಳದು ಡಾಕ್ಟರಿಗಿಂತ ಒಂದೆರಡು ಮೆಟ್ಟಿಲು ಕೆಳಗಿನ ಕೆಲಸ. ಡಿಪ್ಲೊಮಾ ಓದಿ, ಪರೀಕ್ಷೆ ಬರೆದು ಪಡೆದದ್ದು. ಆದರೆ ನಿಡಘಟ್ಟದ ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಹಸುವಿನ ಹೊಟ್ಟೆ ಉಬ್ಬರಿಸಿದರೂ, ಎಮ್ಮೆ ಮೇವು ಬಿಟ್ಟರೂ ಜನ ಫೋನು ಮಾಡುವುದು ಅವಳಿಗೇ, ಕರೆಯುವುದು ಡಾಕ್ಟ್ರಮ್ಮ ಎಂದೇ. ಮೊದಮೊದಲು ತಿದ್ದುತ್ತಿದ್ದಳು. ಆಮೇಲೆ ಬಿಟ್ಟಳು. ಹಸುವಿಗೆ ಹುಷಾರಾದರೆ ಸರಿ, ಹೆಸರು ಏನಾದರೇನು.

ಅವಳ ಗಂಡ ಮಹದೇವು ಟೈಲರ್. ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ, ಎರಡು ಮಿಷನ್ನು. ಸೋದರತ್ತೆಯ ಮಗನೇ ಆದ್ದರಿಂದ ಅವನನ್ನು ಚಿಕ್ಕಂದಿನಿಂದ ಬಾವ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಅದೇ ಉಳಿಯಿತು. ಇಬ್ಬರೂ ಮಳವಳ್ಳಿ ಕಡೆಯ ಒಂದೇ ಊರಿನವರು. ಕೆಲಸದ ಅನುಕೂಲಕ್ಕೆಂದು ವೈದ್ಯನಾಥಪುರದಲ್ಲಿ ಬಾಡಿಗೆ ಮನೆ ಮಾಡಿದ್ದರು. ದೊಡ್ಡವಳು ಮೈತ್ರಿಗೆ ನಾಲ್ಕು ವರ್ಷ. ಎರಡನೆಯವನು ಹುಟ್ಟಿದಾಗ ಮಹದೇವುವಿನ ಅಪ್ಪ ಮರಿಸಿದ್ದಯ್ಯ, ಬುದ್ಧ ವಿಹಾರದಲ್ಲಿ ಕೇಳಿಕೊಂಡು ಬಂದು, ಪ್ರಬುದ್ಧ ಎಂದು ಹೆಸರಿಟ್ಟರು.

ಹೆಸರಿಗೂ ಮಗುವಿಗೂ ಸಂಬಂಧವಿರಲಿಲ್ಲ. ಆರು ತಿಂಗಳ ಹೆರಿಗೆ ರಜೆ ಮುಗಿಯುತ್ತ ಬಂದಾಗ ಗೊತ್ತಾಯಿತು, ಪ್ರಬುದ್ಧ ಬಾಟಲಿ ಮುಟ್ಟುವುದಿಲ್ಲ. ಅವಳ ಹಾಲನ್ನೇ ಹಿಂಡಿ ಇಟ್ಟು ಒಳಲೆಯಲ್ಲಿ ಕೊಟ್ಟರು, ಉಗುಳಿದ. ಚಮಚದಲ್ಲಿ ಕೊಟ್ಟರು, ತುಟಿ ಬಿಗಿದುಕೊಂಡು ಗೋಡೆ ಕಡೆ ತಿರುಗಿದ. ರಾಗಿ ಮಣ್ಣಿ ಮಾಡಿಟ್ಟರೆ ಅದರಲ್ಲಿ ಕೈ ಆಡಿಸಿ ತಲೆಗೆ ಬಳಿದುಕೊಂಡ. ಅವನಿಗೆ ಬೇಕಾದದ್ದು ಅಮ್ಮ, ಅದೂ ಎರಡೂವರೆ ಗಂಟೆಗೊಮ್ಮೆ.

ಅಜ್ಜಿಯಂದಿರನ್ನು ಕರೆಸೋಣವೆಂದರೆ ಅದೂ ಆಗಲಿಲ್ಲ. ಮಹದೇವುವಿನ ತಾಯಿ ಮುದ್ದಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಅವರು ಬಂದುಬಿಟ್ಟರೆ ನೂರು ಮಕ್ಕಳ ಊಟ ನಿಲ್ಲುತ್ತದೆ. ಶಶಿರೇಖಾಳ ತವರಿನಲ್ಲಿ ಅವಳ ತಮ್ಮನ ಹೆಂಡತಿಗೇ ಬಾಣಂತನ ನಡೆದಿತ್ತು. ರಜೆ ಮುಂದುವರಿಸೋಣವೆಂದರೆ ಕಾಲುಬಾಯಿ ರೋಗದ ಲಸಿಕೆಯ ಸರದಿ ಶುರುವಾಗುವುದರಲ್ಲಿತ್ತು. ಅವಳ ಪಾಲಿಗೆ ಬಂದ ಹಳ್ಳಿಗಳಲ್ಲಿ ಎರಡು ಸಾವಿರ ದನ, ಬೇರೆ ಕೈಯಿಲ್ಲ.

ಅವಳು ಇದನ್ನೆಲ್ಲ ಮೂರು ದಿನ ಲೆಕ್ಕ ಹಾಕಿ ಹಾಕಿ ತಲೆ ಕೆಡಿಸಿಕೊಂಡಳು. ಮಹದೇವು ಒಂದು ಮಾತಿನಲ್ಲಿ ಮುಗಿಸಿದ.

"ಬಟ್ಟೆ ಕಾಯ್ತದೆ ಕಣೆ, ಮಗ ಕಾಯಕ್ಕಿಲ್ಲ. ಅಂಗಡಿ ಬಾಗ್ಲು ಎಳ್ದುಬುಡ್ತೀನಿ. ನೀನು ಎಲ್ಲಿರ್ತೀಯೋ ಅಲ್ಲಿಗೆ ತತ್ತೀನಿ ಅವನ್ನ."

ಹೇಳಿದ್ದಷ್ಟೇ ಅಲ್ಲ, ಆ ಸಂಜೆಯೇ ಅಂಗಡಿಯಲ್ಲಿ ಕೂತು ಪ್ಯಾಂಟಿನ ದಪ್ಪ ಬಟ್ಟೆ, ರವಿಕೆಯ ಲೈನಿಂಗು, ಒಂದು ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿ ಸೇರಿಸಿ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಒಂದು ಚೀಲ ಹೊಲಿದ. ಅದಕ್ಕೆ ಮೂರು ಜೇಬು: ಒಂದು ಒಣ ಬಟ್ಟೆಗೆ, ಒಂದು ಒದ್ದೆ ಬಟ್ಟೆಗೆ, ಒಂದು ಮೈತ್ರಿಯ ಬಿಸ್ಕತ್ತಿಗೆ.

ಮರುವಾರದಿಂದ ದಿನಚರಿ ಹೀಗೆ ಹಿಡಿಯಿತು. ದನ ಮೇಯಲು ಹೊರಡುವ ಮುಂಚೆ ಲಸಿಕೆ ಆಗಬೇಕಾದ್ದರಿಂದ ಶಶಿರೇಖಾ ಬೆಳಿಗ್ಗೆ ಆರಕ್ಕೆ ಮಗುವಿಗೆ ಹಾಲೂಡಿಸಿ, ಐಸ್ ಪೆಟ್ಟಿಗೆಯನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಹೊರಡುತ್ತಿದ್ದಳು. ಎಂಟೂಕಾಲರ ಹೊತ್ತಿಗೆ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಮಹದೇವುವಿನದು ಒಂದೇ ಪ್ರಶ್ನೆ, ಎಲ್ಲಿದ್ದೀಯ? ಅವಳು ಊರಿನ ಹೆಸರು, ಬೀದಿಯ ಗುರುತು ಹೇಳುತ್ತಿದ್ದಳು. ಅರ್ಧ ಗಂಟೆಯಲ್ಲಿ ಟಿವಿಎಸ್ ಮೊಪೆಡ್ಡು ಹಾಜರು: ಎದೆಯ ಮೇಲೆ ಪ್ರಬುದ್ಧ, ಹಿಂದೆ ಅಪ್ಪನ ಅಂಗಿಯನ್ನು ಎರಡು ಕೈಯಲ್ಲಿ ಹಿಡಿದ ಮೈತ್ರಿ. ಯಾರದೋ ಜಗಲಿಯ ಮೇಲೆ ಕೂತು ಅವಳು ಹಾಲೂಡಿಸುವಾಗ ಅವನು ಲಸಿಕೆಯ ಲೆಕ್ಕಕ್ಕೆ ದನದ ಕಿವಿಯ ಬಿಲ್ಲೆಯ ನಂಬರು ಓದಿ ಅವಳ ಫೋನಿಗೆ ಹಾಕಿಕೊಡುತ್ತಿದ್ದ. ಹನ್ನೊಂದಕ್ಕೆ ಮತ್ತೆ ಇನ್ನೊಂದು ಊರು.

ಹಳ್ಳಿಗಳಿಗೆ ಇದು ಬೇಗ ರೂಢಿಯಾಯಿತು. ಅವಳ ತಾತ ಇಂಥ ಊರುಗಳಲ್ಲಿ ಕೊಟ್ಟಿಗೆಯ ಹೊರಗೇ ನಿಂತು ಕೂಲಿ ಮಾಡಿದವನು. ಈಗ ಅಂಥವೇ ಮನೆಗಳವರು ಚಾಪೆ ಹಾಸಿ, ಮಗುವಿಗೆ ಗಾಳಿ ಬರಲೆಂದು ಫ್ಯಾನನ್ನು ಜಗಲಿಗೆ ತಂದಿಡುತ್ತಿದ್ದರು. ಶಶಿರೇಖಾಳಿಗೆ ಅದು ಸಂತೋಷವೇ. ಕಿರಿಕಿರಿಯಾದದ್ದು ಬೇರೆ ವಿಷಯಕ್ಕೆ. ಹೋದ ಹೋದಲ್ಲೆಲ್ಲ ಜನ ಮಹದೇವುವನ್ನು ಹೊಗಳುತ್ತಿದ್ದರು. ಎಂಥ ಗಂಡ, ಎಂಥ ತಾಳ್ಮೆ, ಈ ಕಾಲದಲ್ಲಿ ಇಂಥವರುಂಟೆ. ಒಂದೂರಿನಲ್ಲಿ ಅವನಿಗೆ ಎಳನೀರು ಕೊಟ್ಟರು. ಬೆಳಗಿನಿಂದ ಅರವತ್ತು ದನಕ್ಕೆ ಸೂಜಿ ಚುಚ್ಚಿ, ಎರಡು ಒದೆ ತಿಂದಿದ್ದ ಅವಳು ಪಕ್ಕದಲ್ಲೇ ಇದ್ದಳು. ಅವಳಿಗೂ ಕೊಟ್ಟರು, ಆದರೆ ಆಮೇಲೆ.

ಇದು ಸಿಡಿದದ್ದು ಹೊಂಬಾಳಮ್ಮನ ಮನೆಗೆ ಹೋದ ದಿನ.

ಹೊಂಬಾಳಮ್ಮ ನಿಡಘಟ್ಟದ ಆಚೆಯ ಊರಿನ ಗೌಡರ ಮನೆಯ ಹಿರಿಯ ಹೆಂಗಸು. ಅವರ ಹಸು ಮುಂಜಾವದಿಂದ ಕರು ಹಾಕಲು ಒದ್ದಾಡುತ್ತಿತ್ತು. ಶಶಿರೇಖಾ ಹೋಗಿ ಕೈ ಹಾಕಿ ನೋಡಿದರೆ ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿದೆ. ಡಾಕ್ಟರು ಮಂಡ್ಯದಲ್ಲಿ ಮೀಟಿಂಗಿನಲ್ಲಿದ್ದರು. ಬರುವಷ್ಟು ಹೊತ್ತಿಲ್ಲ, ಕರುವನ್ನು ಹಿಂದಕ್ಕೆ ತಳ್ಳಿ ಕಾಲು ಸರಿಮಾಡಿಕೊಂಡು ನೀವೇ ಎಳೆಯಿರಿ ಎಂದು ಫೋನಿನಲ್ಲಿ ಹೇಳಿದರು. ಅವಳು ಸೋಪು ಹಚ್ಚಿಕೊಂಡು ಭುಜದವರೆಗೆ ಕೈ ಹಾಕಿದ್ದಳು. ಹೊಂಬಾಳಮ್ಮನ ಮಗ ಚಲುವರಾಜು ಹಗ್ಗ ಹಿಡಿದು ಕಾದಿದ್ದ. ಸರಿಯಾಗಿ ಆಗಲೇ ಅಂಗಳದಲ್ಲಿ ಮೊಪೆಡ್ಡು ನಿಂತಿತು.

ಪ್ರಬುದ್ಧನಿಗೆ ಹಸಿವು. ಅಮ್ಮನ ದನಿ ಕೇಳಿ ಅವನ ಅಳು ಏರಿತು. ಆ ಅಳುವಿಗೆ ಅವಳ ಎದೆ ತಾನಾಗಿ ತೊಟ್ಟಿಕ್ಕಿ ರವಿಕೆ ನೆನೆಯಿತು. ಕೈ ಹಸುವಿನೊಳಗೆ, ಕಿವಿ ಅಂಗಳದಲ್ಲಿ. ಮಹದೇವು ಅವಳನ್ನು ಕರೆಯಲಿಲ್ಲ. ಬಾಗಿಲಿಗೂ ಬರಲಿಲ್ಲ. ಒಮ್ಮೆ ಇಣುಕಿ ನೋಡಿದವನು ಮಗುವನ್ನು ಎತ್ತಿಕೊಂಡು, ಅಳು ಕೇಳಿಸದಷ್ಟು ದೂರ, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದುಬಿಟ್ಟ. ಮುಕ್ಕಾಲು ಗಂಟೆಯ ಮೇಲೆ ಕರು ಹೊರಬಂತು, ಹೆಣ್ಣು, ಕೊಂಚ ಹೊತ್ತು ಸುಮ್ಮನಿದ್ದು ಆಮೇಲೆ ಕಿವಿ ಕೊಡವಿತು.

ಅವಳು ಕೈ ತೊಳೆದು, ಮೈ ಒರೆಸಿಕೊಂಡು, ಗದ್ದೆಯಿಂದ ವಾಪಸು ಬಂದ ಮಹದೇವುವಿನ ಕೈಯಿಂದ ಮಗುವನ್ನು ತೆಗೆದುಕೊಂಡು ಜಗಲಿಯಲ್ಲಿ ಹಾಲೂಡಿಸಲು ಕೂತಳು. ಹೊಂಬಾಳಮ್ಮ ಬಿಸಿನೀರು, ಕಾಫಿ ಎಲ್ಲ ಪ್ರೀತಿಯಿಂದಲೇ ಕೊಟ್ಟರು. ಕೊಟ್ಟು, ಮಹದೇವುವಿನ ಕಡೆ ನೋಡಿ ಅಂದರು:

"ಏಳು ಜನ್ಮದ ಪುಣ್ಯ ಮಾಡಿದ್ದೆ ಕಣವ್ವ ನೀನು, ಇಂತ ಗಂಡ ಸಿಗಕ್ಕೆ."

ಶಶಿರೇಖಾ ಕಾಫಿ ಕುಡಿದು ಎದ್ದಳು. ಮನೆಗೆ ಬಂದು, ಮಕ್ಕಳಿಬ್ಬರೂ ಮಲಗಿದ ಮಧ್ಯಾಹ್ನ, ಪಾತ್ರೆ ತೊಳೆಯುತ್ತ ಕೇಳಿದಳು.

"ಮೈತ್ರಿ ಎರಡು ವರ್ಷ ನನ್ನ ಸೊಂಟದ ಮ್ಯಾಲೇ ಬೆಳೆದ್ಲು ಬಾವ. ಆಗ ಇಂತ ಹೆಂಡ್ತಿ ಸಿಗಕ್ಕೆ ನೀನು ಪುಣ್ಯ ಮಾಡಿದ್ದೆ ಅಂತ ಯಾರೂ ಅನ್ನಿಲ್ಲ. ನಾನು ಎತ್ಕಂಡ್ರೆ ಕೆಲಸ, ನೀನು ಎತ್ಕಂಡ್ರೆ ಪುಣ್ಯವಾ?"

"ಅನ್ನಿ ಅಂತ ನಾನು ಯೋಳಿದ್ನಾ?"

ಹೇಳಿರಲಿಲ್ಲ, ಅದು ಅವಳಿಗೂ ಗೊತ್ತು. ಅವನು ಇನ್ನೊಂದು ಮಾತು ಸೇರಿಸಿದ. ಹಳ್ಳಿಯ ಹೆಂಗಸರು ಹೊಗಳುವುದು ಒಂದಾದರೆ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಗೆಳೆಯರು ತನ್ನನ್ನು ಆಯಾ ಅಂತ ಕರೆಯುತ್ತಾರೆ. ಎರಡಕ್ಕೂ ಸುಮ್ಮನೆ ನಗುತ್ತ ನಿಲ್ಲುವುದೂ ಒಂದು ಕೆಲಸವೇ. ಇಷ್ಟು ಹೇಳಿ ಅವನು ಒಣಗಿದ ಬಟ್ಟೆ ಮಡಚಲು ಹೋದ. ಎರಡು ದಿನ ಇಬ್ಬರೂ ಅಗತ್ಯವಿದ್ದಷ್ಟೇ ಮಾತಾಡಿದರು.

ಮೂರನೆಯ ದಿನ ಮದ್ದೂರಿನಲ್ಲಿ ಲಸಿಕೆಯ ಪಟ್ಟಿಗಳನ್ನು ಜೆರಾಕ್ಸ್ ಮಾಡಿಸಲು ಅವಳು ಪ್ರಸನ್ನನ ಅಂಗಡಿಗೆ ಹೋದಳು. ಅದು ಮಹದೇವುವಿನ ಮುಚ್ಚಿದ ಬಾಗಿಲಿನ ಪಕ್ಕದ ಮಳಿಗೆ. ಪ್ರಸನ್ನ ಕಾಗದ ಜೋಡಿಸುತ್ತ ಮಾಮೂಲಿ ಮಾತಿನಂತೆ ಹೇಳಿದ: ಯಲಿಯೂರಿನ ಕಡೆಯ ಒಂದು ಶಾಲೆಯ ಹೆಡ್ಮಾಸ್ಟರು ಎರಡು ಸಲ ಹುಡುಕಿಕೊಂಡು ಬಂದಿದ್ದರು, ಯೂನಿಫಾರಮ್ಮಿನ ಆರ್ಡರಿಗೆ. ಹೋದ ವರ್ಷ ಹೊಲಿದುಕೊಟ್ಟದ್ದು ಚೆನ್ನಾಗಿತ್ತಂತೆ. ಮಹದೇವು ಫೋನಿನಲ್ಲೇ ಆಗಲ್ಲ ಅಂದುಬಿಟ್ಟ. ನಿಮಗೆ ಹೇಳಿರಬೇಕಲ್ಲ.

ಹೇಳಿರಲಿಲ್ಲ. ಅಂಗಡಿ ಹೇಗಿದೆ ಎಂದು ಅವಳು ಕೇಳಿದಾಗಲೆಲ್ಲ, ಈಗ ಸೀಸನ್ ಇಲ್ಲ, ಮುಚ್ಚಿದ್ದರೂ ಏನೂ ನಷ್ಟವಿಲ್ಲ ಎಂದಿದ್ದ. ಅವಳು ಅದನ್ನು ನಂಬಿದ್ದಳು. ನಂಬುವುದು ಅವಳಿಗೂ ಸುಲಭವಾಗಿತ್ತು. ಹೆಡ್ಮಾಸ್ಟರ ನಂಬರು ಪ್ರಸನ್ನನ ಬಳಿ ಇತ್ತು. ಅಲ್ಲಿಂದಲೇ ಫೋನು ಮಾಡಿದಳು. ಲಂಗ, ಚಡ್ಡಿಗಳನ್ನೆಲ್ಲ ಬೇರೆ ಟೈಲರಿಗೆ ಕೊಟ್ಟಾಗಿದೆ, ಅರವತ್ತು ಶರ್ಟು ಬಾಕಿ ಉಳಿದಿವೆ, ಎರಡು ವಾರದಲ್ಲಿ ಬೇಕು ಎಂದರು. ಅವಳು ಸರಿ ಎಂದಳು.

ಲಸಿಕೆಯ ಸರದಿ ಮುಗಿಯಲು ಇನ್ನು ಮೂರೇ ದಿನವಿತ್ತು. ಅದು ಮುಗಿದ ಮೇಲೆ ಹತ್ತು ದಿನದ ಮಕ್ಕಳ ಪಾಲನಾ ರಜೆಗೆ ಅರ್ಜಿ ಹಾಕಿದಳು. ಯಾವತ್ತಾದರೂ ಮಕ್ಕಳಿಗೆ ಜ್ವರ ಬಂದರೆ ಬೇಕಾದೀತೆಂದು ಮುಟ್ಟದೆ ಇಟ್ಟಿದ್ದ ರಜೆ. ಮನೆಗೆ ಬಂದು ಸುದ್ದಿ ಹೇಳಿದಾಗ ಮಹದೇವು ಮೊದಲು ಪ್ರಸನ್ನನ ಬಾಯಿಯ ಬಗ್ಗೆ ಎರಡು ಮಾತು ಆಡಿದ. ಆಮೇಲೆ ಶರ್ಟಿನ ಬಣ್ಣ ಯಾವುದಂತೆ ಎಂದು ಕೇಳಿದ. ಕೇಳುವಾಗ ಅವನ ಮುಖ ನೋಡಿ ಅವಳಿಗೆ ಗೊತ್ತಾಯಿತು, ಇವನಿಗೆ ಮಿಷನ್ನಿನ ಮುಂದೆ ಕೂರದೆ ಎಷ್ಟು ಬೇಸರವಾಗಿತ್ತೆಂದು.

ಹತ್ತು ದಿನ ಇಡೀ ಸಂಸಾರ ಅಂಗಡಿಯಲ್ಲೇ. ಪ್ರಬುದ್ಧ ಕಟಿಂಗ್ ಟೇಬಲ್ಲಿನ ಕೆಳಗೆ ಬಟ್ಟೆಯ ಚೂರುಗಳ ರಾಶಿಯ ಮೇಲೆ ಮಲಗುತ್ತಿದ್ದ, ಏಳುತ್ತಿದ್ದ, ಅಳತೆ ಟೇಪು ಜಗಿಯುತ್ತಿದ್ದ. ಅಮ್ಮ ಎದುರಿಗೇ ಇದ್ದಾಳೆಂಬ ಧೈರ್ಯಕ್ಕೋ ಏನೋ, ಐದನೆಯ ದಿನ ಅಪ್ಪನ ಕೈಯಿಂದ ನಾಲ್ಕು ಚಮಚ ಮಣ್ಣಿ ತಿಂದ. ಶಶಿರೇಖಾಳಿಗೆ ಮೊದಲು ಇಸ್ತ್ರಿಯ ಕೆಲಸ ಕೊಟ್ಟಿದ್ದ ಮಹದೇವು. ಎರಡು ಕಾಲರಿನ ಮೇಲೆ ಕಂದು ಗುರುತು ಮೂಡಿದ ಮೇಲೆ ಅದನ್ನು ತೆಗೆದುಕೊಂಡು ಗುಂಡಿ ಹಾಕಲು ಕೂರಿಸಿದ. ಅವಳಿಗೆ ಗೊತ್ತಿದ್ದದ್ದು ಒಂದೇ ಹೊಲಿಗೆ, ಮುಳ್ಳುತಂತಿಗೆ ಸಿಕ್ಕು ಹರಿದ ಎಮ್ಮೆಯ ಚರ್ಮಕ್ಕೆ ಹಾಕುವಂಥದ್ದು. ದಾರವನ್ನು ಎರಡು ಸುತ್ತು ಸುತ್ತಿ, ಗಂಟು ಬಿಗಿದು, ಅದರ ಮೇಲೆ ಇನ್ನೊಂದು ಗಂಟು. ಮಹದೇವು ಒಂದು ಗುಂಡಿಯನ್ನು ಎಳೆದು ನೋಡಿದ. ಬಟ್ಟೆ ಹರಿದೀತು, ಗುಂಡಿ ಬರುವುದಿಲ್ಲ ಎಂದ.

ಒಂದು ಮಧ್ಯಾಹ್ನ, ಬೀದಿಯೆಲ್ಲ ಊಟಕ್ಕೆ ಹೋಗಿ ಸದ್ದಿಲ್ಲದಿದ್ದಾಗ, ಮೈತ್ರಿ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದಾಗ, ಅವಳು ಸೂಜಿಯಿಂದ ಕಣ್ಣೆತ್ತದೆ ಹೇಳಿದಳು.

"ಬಾವ, ಮಗ ಎತ್ಕಂಡು ತಿರುಗ್ದೆ ಅಂತ ನಿನ್ನ ನಾನು ಒಗಳಕ್ಕಿಲ್ಲ. ಮಗ ನಿಂದೂ ಅಲ್ವಾ."

"ಊ."

"ಆದ್ರೆ ಇಷ್ಟು ದಿನದಲ್ಲಿ ಯಾವಾಗ ಬತ್ತೀಯ ಅಂತ ಒಂದು ಸಲಾನೂ ಕೇಳ್ನಿಲ್ಲ ನೀನು. ಎಲ್ಲಿದ್ದೀಯ ಅಂತ್ಲೇ ಕೇಳ್ದೆ. ಅವತ್ತು ಹೊಂಬಾಳಮ್ಮನ ಮನೇಲಿ ಮಗನ್ನ ದೂರ ಎತ್ಕಂಡೋದೆ, ನನ್ನ ಕೈ ಅದುರ್ದೆ ಇರ್ಲಿ ಅಂತ. ಅದು ಯಾರಿಗೂ ಕಾಣಕ್ಕಿಲ್ಲ. ನಂಗೆ ಕಾಣ್ತು."

ಮಿಷನ್ನಿನ ಸದ್ದು ನಿಂತಿತು. ಮಹದೇವು ಕೈಯಲ್ಲಿದ್ದ ಶರ್ಟಿನ ತೋಳನ್ನು ನೇವರಿಸಿದ.

"ಬಂದೇ ಬತ್ತೀಯ ಅಂತ ಗೊತ್ತಿದ್ ಮ್ಯಾಲೆ ಯಾಕೆ ಕೇಳನ," ಎಂದ. ಆಮೇಲೆ ಕತ್ತು ಚಾಚಿ, "ಆ ಮೂರ್ನೇ ಗುಂಡಿ ವಾರೆಯಾಗದೆ ನೋಡು," ಎಂದು ಮತ್ತೆ ಪೆಡಲು ತುಳಿದ.

ಅವಳು ನಕ್ಕು, ಗುಂಡಿ ಕತ್ತರಿಸಿ, ಮತ್ತೆ ಹಾಕಿದಳು.

ರಜೆಯ ಕೊನೆಯ ದಿನ ಅರವತ್ತು ಶರ್ಟುಗಳೂ ಆದವು. ಎರಡು ದೊಡ್ಡ ಗಂಟು ಕಟ್ಟಿ, ಮೊಪೆಡ್ಡಿನಲ್ಲಿ ಹಿಡಿಸದೆಂದು, ನಾಲ್ವರೂ ಮದ್ದೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ಯಲಿಯೂರಿನಲ್ಲಿ ಇಳಿದರು. ಮೈತ್ರಿಗೆ ಅದು ಮೊದಲ ರೈಲು. ಕಿಟಕಿಯಾಚೆ ಕಂಡ ಪ್ರತಿ ಹಸುವನ್ನೂ ಇದಕ್ಕೆ ಸೂಜಿ ಆಗಿದೆಯಾ ಎಂದು ಅಮ್ಮನನ್ನು ಕೇಳಿದಳು. ಶಾಲೆಯಲ್ಲಿ ಹೆಡ್ಮಾಸ್ಟರು ಟೀ ತರಿಸಿದರು. ಮಕ್ಕಳು ಅಲ್ಲೇ ಶರ್ಟು ಹಾಕಿಕೊಂಡು ಸಾಲಾಗಿ ನಿಂತರು. ಎರಡು ಕಾಲರಿನ ಗುರುತು ಯಾರ ಕಣ್ಣಿಗೂ ಬೀಳಲಿಲ್ಲ, ಅಥವಾ ಬಿದ್ದರೂ ಹೇಳಲಿಲ್ಲ. ಮಹದೇವು ಒಬ್ಬೊಬ್ಬರ ಹೆಗಲಿನ ಹೊಲಿಗೆ ಮುಟ್ಟಿ ನೋಡುತ್ತ ಸಾಲಿನ ಕೊನೆಯವರೆಗೆ ಹೋಗಿ ಬಂದ. ಮುಂದಿನ ವರ್ಷ ಪೂರ್ತಿ ಆರ್ಡರೂ ನಿಮಗೇ ಎಂದರು ಹೆಡ್ಮಾಸ್ಟರು. ಆಗ ಈ ಚಿಕ್ಕವನೂ ನಡೆಯುತ್ತಿರುತ್ತಾನೆ, ನೋಡೋಣ ಸಾರ್, ಎಂದ ಮಹದೇವು. ಸದ್ಯಕ್ಕೆ ವಾರದಲ್ಲಿ ಮೂರು ಮಧ್ಯಾಹ್ನ ಅಂಗಡಿ ತೆರೆಯುವುದೆಂದು, ಆ ಮೂರು ದಿನ ಶಶಿರೇಖಾ ದೂರದ ಊರುಗಳನ್ನು ಬೆಳಿಗ್ಗೆಯೇ ಮುಗಿಸಿ ಬರುವುದೆಂದು ಇಬ್ಬರೂ ಬರುವಾಗಲೇ ರೈಲಿನಲ್ಲಿ ಮಾತಾಡಿಕೊಂಡಿದ್ದರು.

ವಾಪಸು ಬರುವ ರೈಲಿನಲ್ಲಿ ಜಾಗ ಸಿಕ್ಕಿತು. ಹತ್ತು ದಿನದ ಆಯಾಸಕ್ಕೆ ಮಹದೇವು ಮಂಡ್ಯ ದಾಟುವ ಮುಂಚೆಯೇ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ. ಮೈತ್ರಿ ಅವನನ್ನು ಅಲುಗಿಸಿ ಏನೋ ತೋರಿಸಲು ಹೊರಟಳು. ಶಶಿರೇಖಾ ಅವಳನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ಪ್ರಬುದ್ಧನನ್ನು ಮಡಿಲಿಗೆ ಹಾಕಿಕೊಂಡು, ಏನಿದೆಯೋ ನನಗೆ ತೋರಿಸು ಎಂದಳು. ಮದ್ದೂರು ಬರುವವರೆಗೆ ಅವನನ್ನು ಯಾರೂ ಎಬ್ಬಿಸಲಿಲ್ಲ.