ಎರಡನೆಯ ಒಲೆ

ನರಸಿಂಹಗಾರು ಕಂಪ್ಯೂಟರಿಗೆ ಕರೆಂಟು ಕೊಡುತ್ತಿರಲಿಲ್ಲ, ಊಟಕ್ಕೆ ಹಾಕುತ್ತಿದ್ದರು. ಹುಟ್ಟಿ ಬೆಳೆದದ್ದು ವಿಜಯವಾಡ. ರಿಪೇರಿ ಕಲಿತದ್ದು ತೆಲುಗಿನಲ್ಲಿ, ಕನ್ನಡ ಕಲಿತದ್ದು ಬಳ್ಳಾರಿ ಕಡೆಯ ತಾಯಿಯಿಂದ, ಅಡುಗೆಮನೆಯಲ್ಲಿ. ತಾಯಿ ತೀರಿಕೊಂಡ ಮೇಲೆ ಕನ್ನಡ ಮಾತಾಡಲು ಅವರಿಗೆ ಯಾರೂ ಇರಲಿಲ್ಲ. ಹಾಗಾಗಿ ನನ್ನ ಹತ್ತಿರ ರಿಪೇರಿಯ ಮಾತೆಲ್ಲ ಒಲೆ, ಎಲೆ, ತುತ್ತುಗಳಲ್ಲೇ ನಡೆಯುತ್ತಿತ್ತು.

ನಾನು ಧಾರವಾಡದವಳು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ವಿಜಯವಾಡದ ಭವಾನಿಪುರಂಗೆ ಬಂದ ಮೇಲೆ ‘ಮೇನೇಜರ್‌ಗಾರಿ ಭಾರ್ಯ’ ಎಂಬುದೇ ನನ್ನ ಹೆಸರಾಗಿ, ಮೈಯೆಲ್ಲ ಉರಿಯುತ್ತಿತ್ತು. ಕಟ್ಟಡ ಏಳುವ ಮೊದಲೇ ಅದರೊಳಗೆ ಓಡಾಡಿದಂತೆ ತೋರಿಸುವ ವಿಡಿಯೊ ಮಾಡುವುದು ನನ್ನ ಕಸುಬು. ಅಂತೂ ಒಂದು ಆಸ್ಪತ್ರೆ ಕಟ್ಟಡದ ದೊಡ್ಡ ಕೆಲಸ ಸಿಕ್ಕಿತು; ಗಡುವು ನಾಲ್ಕೇ ದಿನ. ಅದಕ್ಕೆಂದು ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕಂಪ್ಯೂಟರ್ ನಡುನಡುವೆ ಆರಿಹೋಗತೊಡಗಿತು. ಈ ಕೆಲಸ ಕೈತಪ್ಪಿದರೆ ಮತ್ತೆ ಬರೀ ಭಾರ್ಯ!

ನರಸಿಂಹಗಾರು ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮುಚ್ಚಳ ಬಿಚ್ಚಿ ನೋಡಿದರು.

“ಒಂದೇ ಒಲೆ ಅಮ್ಮಾ. ಇಬ್ಬರು ಅಳಿಯಂದಿರು ಒಟ್ಟಿಗೆ ಬಂದಿದಾರೆ. ಎಲ್ಲಿಂದ ಸಾಲ್ತದೆ?”

“ಈ ಪವರ್ ಸಪ್ಲೈ ತೆಗೆದು ದೊಡ್ಡದು ಹಾಕಿದ್ರ ಆಗೂದಿಲ್ಲೇನ್ರಿ?”

“ಚೆನ್ನಾಗಿರೋ ಒಲೆ ಯಾಕೆ ಕೀಳಬೇಕು, ಪಾಪ? ಪಕ್ಕದಲ್ಲಿ ಇನ್ನೊಂದು ಹೂಡೋಣ.”

ಸಿಡಿ ಡ್ರೈವಿನ ಖಾಲಿ ಜಾಗದಲ್ಲಿ ಕೂರುವಂಥ ಪುಟ್ಟ ಪವರ್ ಸಪ್ಲೈ ತಂದರು. ಮೊದಲನೆಯದರ ಜೊತೆಗೇ ಇದೂ ಏಳಲಿ ಎಂದು ಎರಡರ ನಡುವೆ ಒಂದು ವೈರ್ ಕಟ್ಟಿದರು. ಹೊಸ ಕಾರ್ಡಿಗೆ ಮಾತ್ರ ಇನ್ನೂ ವೈರ್ ಚುಚ್ಚಲಿಲ್ಲ. ನಾನು ಅವಸರ ಮಾಡಿದರೆ, “ಅನ್ನ ಬೆಂದಿದೆಯಾ ನೋಡದೆ ಎಲೆ ಹಾಕಬಾರದು ಅಂತಿದ್ಲು ನಮ್ಮಮ್ಮ” ಎಂದರು.

ಆಮೇಲೆ ನನ್ನನ್ನು ಸ್ವಿಚ್ ಬೋರ್ಡ್ ಹತ್ತಿರ ನಿಲ್ಲಿಸಿ, ಬೋರ್ಡಿಗೆ ಆಗಲೇ ಚುಚ್ಚಿದ್ದ ಹೊಸ ಸಪ್ಲೈನ ವೈರನ್ನು ಹಿಂದಿನಿಂದ ಎಳೆಯಲು ಹೇಳಿದರು. “ಎಳೀರಿ ಅಮ್ಮಾ... ಇನ್ನೂ ಸ್ವಲ್ಪ... ಚಾಲು, ಚಾಲು!”

ನಮ್ಮ ಧಾರವಾಡದಲ್ಲಿ ಚಾಲೂ ಎಂದರೆ ಚಾಲೂ ಮಾಡುವುದೇ. ಸ್ವಿಚ್ ಒತ್ತಿಯೇಬಿಟ್ಟೆ. ಒಳಗೆ ಇನ್ನೂ ಟೇಪು ಸುತ್ತದ ವೈರಿನ ತುದಿ ಕಂಪ್ಯೂಟರಿನ ತಗಡಿಗೆ ತಗುಲಿ ಚಟ್ಟನೆ ಕಿಡಿ ಹಾರಿತು, ಮನೆಯ ಕರೆಂಟೆಲ್ಲ ಹೋಯಿತು. ಅವರ ಕೈ ಆಗಷ್ಟೇ ಹೊರಗೆ ಬಂದಿತ್ತು. ಶಿವನೇ, ಒಂದು ಕ್ಷಣ ಮೊದಲಾಗಿದ್ದರೆ!

“ನೀವೇ ಚಾಲೂ ಅಂದ್ರಲ್ರೀ!” ಅಳುವುದೊಂದೇ ಬಾಕಿ.

“ಎಳೆದದ್ದು ಆಯ್ತು, ನಿಲ್ಸಿ ಅಂದೆ ಅಮ್ಮಾ!”

ಆಗ ಹೊಳೆಯಿತು, ತೆಲುಗಿನಲ್ಲಿ ಚಾಲು ಎಂದರೆ ಸಾಕು. “ಅದಕ್ಕ ಕನ್ನಡದಾಗ ಸಾಕು ಅನಬೇಕ್ರಿ” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಆ ಮಾತು ನನ್ನ ಬಾಯಿಗೇ ಬರಲ್ಲ ಅಮ್ಮಾ. ಬಡಿಸೋವಾಗ ನಮ್ಮಮ್ಮ ಅದನ್ನ ಹೇಳೋಕೇ ಬಿಡ್ತಿರಲಿಲ್ಲ.”

ಫ್ಯೂಸ್ ಹಾಕಿ, ಟೇಪು ಸುತ್ತಿ ಮತ್ತೆ ನೋಡಿದರು. ವೈರ್ ಚುಚ್ಚದೆ ಬಿಟ್ಟಿದ್ದರಿಂದ ಹೊಸ ಕಾರ್ಡಿಗೆ ಏನೂ ಆಗಿರಲಿಲ್ಲ. ಅವರ ತಾಯಿ ದೊಡ್ಡವರು. ಎರಡೂ ಒಲೆ ಹೊತ್ತಿದವು. ಗಡುವಿನ ದಿನ ಬೆಳಿಗ್ಗೆಯೇ ವಿಡಿಯೊ ಕಳಿಸಿದೆ. ತಿಂಗಳೊಪ್ಪತ್ತಿನಲ್ಲಿ ಅಕ್ಕಪಕ್ಕದವರಿಗೆ ನಾನು ‘ವಿಡಿಯೊ ಮೇಡಂ’ ಆದೆ.

ಆಮೇಲೆ ಏನೂ ಕೆಡದಿದ್ದರೂ ನರಸಿಂಹಗಾರು ಆಗಾಗ ಬಂದು, ಉಪ್ಪಿಟ್ಟು ತಿಂದು, ಕನ್ನಡ ಆಡಿ ಹೋಗುತ್ತಿದ್ದರು. ಇನ್ನಷ್ಟು ಹಾಕಲೇ ಎಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೆ.

ಗಂಡನಿಗೆ ಮತ್ತೆ ವರ್ಗವಾಗಿ ಈಗ ವಿಶಾಖಪಟ್ಟಣದ ಪೆಂದುರ್ತಿಯಲ್ಲಿದ್ದೇವೆ. ಎರಡನೆಯ ಒಲೆ ಇಲ್ಲೂ ಒಮ್ಮೆಯೂ ಆರಿಲ್ಲ. ವಿಜಯವಾಡ ಬಿಟ್ಟು ಹೊರಟ ದಿನ ನರಸಿಂಹಗಾರು ಕಂಪ್ಯೂಟರನ್ನು ತಾವೇ ದುಪ್ಪಟಿಯಲ್ಲಿ ಸುತ್ತಿ ಕಾರಿನ ಸೀಟಿನ ಮೇಲೆ ಕೂರಿಸಿದರು.

“ನೀವು ಹೋದ್ಮೇಲೆ ನನ್ನ ಕನ್ನಡಕ್ಕೆ ಉಪವಾಸ ಅಮ್ಮಾ” ಎಂದರು. ನಾನು ಕಾರು ಹತ್ತಿ ಬಾಗಿಲು ಹಾಕಿಕೊಂಡೆ.

ಅವರು ಕಾರಿನ ಬಾಗಿಲು ತಟ್ಟಿ, “ಚಾಲು!” ಎಂದರು.

“ಯಾರ ಚಾಲೂರೀ ಅದು?” ಕಿಟಕಿಯಿಂದ ಕೇಳಿದೆ.

“ನಿಮ್ಮದೇ ಅಮ್ಮಾ, ಹೊರಡಿ. ನಮ್ಮದಂದ್ರೆ ಸಾಕು ಅಂದ ಹಾಗಾಗ್ತದಲ್ಲ. ಅದು ನಾನು ಹೇಳಲ್ಲ.”