ಜಯದೇವಪ್ಪ ಕೊಟ್ಟ ಸಾಕ್ಷಿ

ಪಂಚನಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ಜಯದೇವಪ್ಪನಿಗೆ ತನ್ನ ಬಗ್ಗೆ ಒಂದು ಹೆಮ್ಮೆಯಿತ್ತು. ಅರವತ್ತೆರಡು ವರ್ಷದಲ್ಲಿ ತಾನು ಯಾರ ಅನ್ನಕ್ಕೂ ಕಲ್ಲು ಹಾಕಿದವನಲ್ಲ ಅಂತ. ಕಾಯಿ ಎಣಿಸುವಾಗ ನೂರಕ್ಕೆ ಒಂದೆರಡು ಅತ್ತಿತ್ತ ಆಗಿದ್ದರೆ ಆಗಿರಬಹುದು, ವ್ಯಾಪಾರದಲ್ಲಿ ಅದೆಲ್ಲ ಸಹಜ ಬಿಡಿ. ಆ ಹೆಮ್ಮೆ ಇಳಿದದ್ದು ಒಂದು ಫೋನ್ ಕರೆಯಿಂದ.

ಅವನ ಗೋದಾಮಿನಲ್ಲಿ ಗಿಡ್ಡಪ್ಪ ಇಪ್ಪತ್ತೊಂದು ವರ್ಷದಿಂದ ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ತಿರುಚಿ ತಿರುಚಿ ಅವನ ಬಲಭುಜ ಸೋತುಹೋಗಿತ್ತು. ಅಜ್ಜಂಪುರದ ಮೃತ್ಯುಂಜಯ ಅನ್ನುವವರು ತಮ್ಮ ಹಳೆಯ ಸುಲಿಯುವ ಮಷೀನನ್ನು ಇಪ್ಪತ್ತೆಂಟು ಸಾವಿರಕ್ಕೆ ಮಾರುತ್ತಿದ್ದರು. ಅದನ್ನು ಕೊಳ್ಳುವ ಆಸೆಯನ್ನು ಗಿಡ್ಡಪ್ಪ ಜಯದೇವಪ್ಪನ ಮುಂದೆಯೂ ಹೇಳಿಕೊಂಡಿದ್ದ. ಕೈಯಲ್ಲಿ ಎಂಟು ಸಾವಿರ ಇತ್ತು. ಉಳಿದದ್ದಕ್ಕೆ ಮೊಬೈಲಿನಲ್ಲೇ ಸಣ್ಣ ಸಾಲ ಕೊಡುವ ಒಂದು ಕಂಪನಿಗೆ ಅರ್ಜಿ ಹಾಕಿದ. ವಾರದೊಳಗೆ ಕಟ್ಟು, ಇಲ್ಲದಿದ್ದರೆ ಮಾನ ಕಳೆಯುತ್ತೇವೆ ಅನ್ನುವ ಪೈಕಿಯದಲ್ಲ ಅದು. ಬಡ್ಡಿ ಎಷ್ಟೆಂದು ಮೊದಲೇ ಹೇಳಿ, ಆರು ತಿಂಗಳ ಕಂತು ಕೊಡುತ್ತಿತ್ತು. ಅಡವು ಬೇಕಿರಲಿಲ್ಲ, ಬಲ್ಲವರಿಬ್ಬರು ಫೋನಿನಲ್ಲಿ ಒಳ್ಳೆಯ ಮಾತು ಹೇಳಬೇಕಿತ್ತು, ಅಷ್ಟೇ. ಗಿಡ್ಡಪ್ಪ ಒಂದು ನಂಬರು ಹೆಂಡತಿಯ ತಮ್ಮ ಓಬಳಪ್ಪನದು ಕೊಟ್ಟ, ಇನ್ನೊಂದು ಜಯದೇವಪ್ಪನದು. ಸಾವ್ಕಾರರಿಗೆ ಮೊದಲೇ ಹೇಳಿಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಗೊತ್ತಿರುವುದನ್ನು ಹೇಳುವುದಕ್ಕೆ ಅವರಿಗೇನು ಪಾಠ ಮಾಡಬೇಕೇ?

ಕರೆ ಬಂದಾಗ ಜಯದೇವಪ್ಪ ಕಡೂರಿನಲ್ಲಿ ಲಾರಿಗೆ ಲೋಡು ಮಾಡಿಸುತ್ತಿದ್ದ. ಸಾಲದ ಕಂಪನಿಯಿಂದ ಅಂದದ್ದೇ ತಡ, ಫೋನನ್ನು ಕಿವಿಯಿಂದ ದೂರ ಹಿಡಿದ. ಹೋದ ವರ್ಷ ಪಕ್ಕದ ಬೀದಿಯ ಓಂಕಾರೇಶ್ ಯಾವುದೋ ಏಳು ದಿನದ ಆ್ಯಪಿನಲ್ಲಿ ಸಾಲ ಮಾಡಿ, ಪರಿಚಯದವರು ಅಂತ ಇವನ ನಂಬರು ಬರೆಸಿದ್ದ. ವಸೂಲಿಯವರು ಒಂದು ತಿಂಗಳು ಇವನಿಗೆ ಬಾಯಿಗೆ ಬಂದಂತೆ ಬೈದಿದ್ದರು. ಅವತ್ತಿನಿಂದ ಊರಿಗೆ ಊರೇ ಕಲಿತದ್ದು ಒಂದೇ: ಸಾಲದವರು ಯಾರ ಬಗ್ಗೆ ಕೇಳಿದರೂ ಗೊತ್ತಿಲ್ಲ ಅನ್ನು.

"ಗಿಡ್ಡಪ್ಪ ಅನ್ನೋರು ನಿಮಗೆ ಗೊತ್ತಾ ಸರ್? ಸಾಲ ಕೊಟ್ರೆ ನಂಬಬಹುದಾ?" ಕಂಪನಿಯ ಹುಡುಗಿ ಮೆತ್ತಗೆ ಕೇಳಿದಳು.

"ಯಾವ ಗಿಡ್ಡಪ್ಪನೋ ಏನೋ. ನಂಗೊತ್ತಿಲ್ಲ ಕಣಮ್ಮ. ಇನ್ನೊಂದ್ಸಾರಿ ಫೋನ್ ಮಾಡ್ಬೇಡ."

ಸಾಲ ಸಿಗಲಿಲ್ಲ. ಸೋಮವಾರ ಮಷೀನು ತರೀಕೆರೆಯವರ ಪಾಲಾಯಿತು. ಗಿಡ್ಡಪ್ಪ ಹಾರೆಯ ಮುಂದೆ ನಿಂತೇ ಸುದ್ದಿ ಹೇಳಿದ.

"ಇಬ್ರಲ್ಲಿ ಒಬ್ರು ಗೊತ್ತಿಲ್ಲ ಅಂದ್ರಂತೆ ಸಾವ್ಕಾರ್ರೇ. ಯಾರು ಅಂತ ಕಂಪ್ನೀರು ಹೇಳಲ್ಲ. ನೀವಂತೂ ಅನ್ನಲ್ಲ. ಓಬಳಪ್ಪಂದೇ ಕೆಲ್ಸ. ನಾನ್ ಮುಂದೆ ಬರೋದು ಅವ್ನ ಕಣ್ಣಿಗ್ ಚುಚ್ತದೆ."

ಜಯದೇವಪ್ಪ ಸುಲಿದ ಕಾಯಿ ಎಣಿಸತೊಡಗಿದ. ಅವತ್ತೇ ಒಂದು ಮಾತು ಹೇಳಿದ್ದರೆ ಅರ್ಧ ಪಾಪ ಕಳೆಯುತ್ತಿತ್ತು. ಹೇಳಲಿಲ್ಲ ಪುಣ್ಯಾತ್ಮ. ಹದಿನೈದು ದಿನ ತಿಂದದ್ದು ಮೈಗೆ ಹತ್ತಲಿಲ್ಲ. ಹೆದರಿ ಹಾಗಂದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಳಗಿನವನು ಬಿಡಬೇಕಲ್ಲ? ಗಿಡ್ಡಪ್ಪನಿಗೆ ಸ್ವಂತ ಮಷೀನು ಬಂದರೆ ನಿನ್ನ ಕಾಯಿ ಸುಲಿಯುವವರು ಯಾರು ಅಂತ ಆ ಗಳಿಗೆಯಲ್ಲಿ ಅನ್ನಿಸಲಿಲ್ಲವೇನೋ ಅಂತ ಕೇಳಿದ. ಇಲ್ಲ ಎಂದು ಆಣೆ ಮಾಡುವ ಧೈರ್ಯ ಜಯದೇವಪ್ಪನಿಗಿರಲಿಲ್ಲ.

ಅಷ್ಟರಲ್ಲಿ ಓಬಳಪ್ಪನ ಮಗಳ ನಾಮಕರಣ ಬಂತು. ಗಿಡ್ಡಪ್ಪ ಹೋಗಲಿಲ್ಲ, ಹೆಂಡತಿ ಓಬಮ್ಮನನ್ನೂ ಕಳಿಸಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಓಬಮ್ಮ ಬರದೆ ನೆರೆಮನೆಯ ಯಾರೋ ಹೇಳಿದರಂತೆ. ಇತ್ತ ಓಬಮ್ಮ ಆ ದಿನವೆಲ್ಲ ಮನೆಯಲ್ಲಿ ಕೂತು ಅತ್ತಳಂತೆ. ಇದು ಕಿವಿಗೆ ಬಿದ್ದ ಮೇಲೆ ಜಯದೇವಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಪ್ಪತ್ತು ಸಾವಿರ ಜೇಬಿಗಿಟ್ಟುಕೊಂಡು ಸ್ಕೂಟರ್ ಹತ್ತಿದ. ಕೇರಿಗೆ ಹೋದಮೇಲೆ ನೋಡುತ್ತಾನೆ, ಗಿಡ್ಡಪ್ಪನ ಮನೆ ಯಾವುದೆಂದೇ ಗೊತ್ತಿಲ್ಲ. ನಲ್ಲಿಯ ಹತ್ತಿರ ಒಬ್ಬಾಕೆಯನ್ನು ಕೇಳಿ ತಿಳಿದುಕೊಂಡ. ಕೇಳುವಾಗ ಮುಖ ಎತ್ತಲಾಗಲಿಲ್ಲ.

"ಗೊತ್ತಿಲ್ಲ ಅಂದೋನು ನಾನು ಕಣೋ ಗಿಡ್ಡಪ್ಪ. ಓಬಳಪ್ಪ ಅಲ್ಲ. ತಪ್ಪಾಗ್ಬಿಡ್ತು."

ಗಿಡ್ಡಪ್ಪ ಮನೆಯ ಜಗಲಿಯಿಂದ ಎದ್ದು ನಿಂತ. ಒಳಗಿದ್ದ ಓಬಮ್ಮ ಹೊಸ್ತಿಲಿಗೆ ಬಂದು ನಿಂತಳು. ಜಯದೇವಪ್ಪ ಅವಸರವಾಗಿ ದುಡ್ಡು ತೆಗೆದ.

"ತಗೋ, ಇಪ್ಪತ್ ಸಾವ್ರ ಐತೆ. ಬಡ್ಡಿ ಗಿಡ್ಡಿ ಬ್ಯಾಡ. ಬೇರೆ ಮಷೀನ್ ನೋಡಾನ."

ಗಿಡ್ಡಪ್ಪ ಅದನ್ನು ಮುಟ್ಟಲಿಲ್ಲ. "ದುಡ್ ಕೊಡಾಕೆ ಅವ್ರಿದ್ರು ಸಾವ್ಕಾರ್ರೇ. ನಿಮ್ಮಿಂದ ಬೇಕಾಗಿದ್ದು ಒಂದ್ ಮಾತು. ಇಪ್ಪತ್ತೊಂದ್ ವರ್ಷಕ್ಕೆ ಅದೊಂದೇ ಕೇಳಿದ್ದು."

ಆಮೇಲೆ ಹೆಂಡತಿಯ ಕಡೆ ತಿರುಗಿದ. "ಚಪ್ಲಿ ಮೆಟ್ಕಳೇ. ನಿನ್ ತಮ್ಮನ ಕಾಲಿಗ್ ಬೀಳಾಕ್ ಹೋಗಾನ."

ಗಂಡ ಹೆಂಡತಿ ಬಾಗಿಲಿಗೆ ಬೀಗ ಹಾಕಿದರು. ಜಯದೇವಪ್ಪ ನೋಟು ಹಿಡಿದುಕೊಂಡೇ ಎರಡು ಹೆಜ್ಜೆ ಅವರ ಹಿಂದೆ ಹೋದ. "ನಾನೂ ಬತ್ತೀನಿ ಕಣೋ. ನಾನೇ ಹೇಳ್ತೀನಿ ಅವ್ನಿಗೆ."

ಗಿಡ್ಡಪ್ಪ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡಿ ಸಾವ್ಕಾರ್ರೇ. ಅಲ್ಲಿ ಎಲ್ರೂ ಕೇಳ್ತಾರೆ. ನೀವು ನಂಗೆ ಯಾರು ಅಂತ ಹೇಳ್ಲಿ?"